ಯಂತ್ರದ ಲೆಕ್ಕವೂ ಮನುಷ್ಯನ ಮಾನವೂ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಋಷಿಯ ಉಪಾಖ್ಯಾನವೊಂದು ಬರುವುದು. ವಾಚಕರಲ್ಲಿ ಬಹುಮಂದಿ ಅದನ್ನು ಹಿರಿಯರ ಬಾಯಿಂದ ಕೇಳಿಯೇ ಇರುವರು. ಋಷಿಯು ತನ್ನ ಆಶ್ರಮದ ಬಾಗಿಲಿನಲ್ಲಿ, ಮರವೊಂದರ ಬುಡದಲ್ಲಿ, ತೋಳುಗಳನ್ನು ಮೇಲೆತ್ತಿಕೊಂಡು ಮೌನವ್ರತದಿಂದ ನಿಂತಿದ್ದನು. ಕಳ್ಳರು ಕದ್ದ ಮಾಲಿನೊಡನೆ ಓಡಿಬಂದು ಆ ಆಶ್ರಮದೊಳಗೆ ಅವಿತುಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಕಳ್ಳರು ಯಾವ ಕಡೆಗೆ ಹೋದರೆಂದು ಋಷಿಯನ್ನು ಕೇಳಿದರು, ಅವನು ಮಾತನಾಡಲಿಲ್ಲ. ಒಳಹೊಕ್ಕು ಶೋಧಿಸಿದರೆ ಮಾಲೂ ಸಿಕ್ಕಿತು, ಕಳ್ಳರೂ ಸಿಕ್ಕಿದರು. ಇನ್ನೇನು ಬೇಕು? ಋಷಿಯನ್ನೂ ಅವರೊಡನೆ ಕಟ್ಟಿ ಒಯ್ದರು, ಅರಸನು ಶೂಲಕ್ಕೇರಿಸಿದನು. ತಪೋಬಲದಿಂದ ಋಷಿಯ ಪ್ರಾಣವು ಉಳಿಯಿತು. ಅರಸನಿಗೆ ನಿಜ ಸಂಗತಿ ತಿಳಿದಾಗ ಅವನು ಓಡಿಬಂದು, ಕ್ಷಮೆ ಬೇಡಿ, ಶೂಲವನ್ನು ಕೀಳಿಸಹೋದನು, ಅದು ಬರಲಿಲ್ಲ. ಕೊನೆಗೆ ಹೊರಗಿದ್ದ ಭಾಗವನ್ನು ಕತ್ತರಿಸಿಬಿಟ್ಟರು. ಒಳಗುಳಿದ ಮೊನೆಯನ್ನು ಹೊತ್ತುಕೊಂಡೇ ಆ ಮಹಾತ್ಮನು ಲೋಕದಲ್ಲಿ ಸಂಚರಿಸಿದನು. ಅಣಿಮಾಂಡವ್ಯನೆಂಬ ಹೆಸರು ಅವನಿಗೆ ಬಂದುದು ಅದರಿಂದಲೇ.

ಇದು ಪುರಾಣದ ಮಾತಾಯಿತು. ನಾವು ಈಗ ಹೇಳಹೊರಟಿರುವುದು ನಮ್ಮ ಕಾಲದ್ದೇ ಆದ ಒಂದು ಸಂಗತಿ. ನ್ಯಾಯಪರಿಪಾಲನೆಗೆ ಹೆಸರುವಾಸಿಯಾದ ಬ್ರಿಟನ್ ದೇಶದಲ್ಲಿ ನಡೆದುದು. ೧೯೯೯ರಿಂದ ೨೦೧೫ರ ವರೆಗಿನ ಅವಧಿಯಲ್ಲಿ ಅಲ್ಲಿ ೯೦೦ಕ್ಕೂ ಹೆಚ್ಚು ಮಂದಿ, ಅಂಚೆಯ ಹಣ ಕದ್ದರೆಂದೋ ಸುಳ್ಳು ಲೆಕ್ಕ ಬರೆದರೆಂದೋ ಅಪರಾಧಿಗಳೆನಿಸಿದರು. ಇವರು ಊರೂರಿನ ಸಣ್ಣ ಅಂಚೆಕಛೇರಿಗಳನ್ನು ನಡೆಸುತ್ತಿದ್ದ ಸಾಮಾನ್ಯ ಗೃಹಸ್ಥರು, ಗೃಹಿಣಿಯರು, ಅವರ ಗುಮಾಸ್ತರು. ಇವರ ಮೇಲೆ ಸಾಕ್ಷಿ ನುಡಿದುದು ಒಂದು ಲೆಕ್ಕದ ಯಂತ್ರ. ಆ ಸಾಕ್ಷಿಯನ್ನು ಸಂಶಯಿಸಿದವರ ಮಾತನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರರ ಹಣವನ್ನು ಕೈಯಲ್ಲಿ ಎಣಿಸುವ ಮಗನೋ ಮಗಳೋ ಸೊಸೆಯೋ ಇಂದು ಅನೇಕರ ಮನೆಗಳಲ್ಲಿ ಇರುವುದರಿಂದ ಈ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಬ್ರಿಟನ್ನಿನ ಸಣ್ಣ ಅಂಚೆಕಛೇರಿಗಳ ಪದ್ಧತಿಯನ್ನು ಮೊದಲು ತಿಳಿಯಬೇಕು. ಒಬ್ಬರು ತಾವು ಕೂಡಿಟ್ಟ ಹಣದಿಂದ ಊರಿನ ಅಂಗಡಿಯನ್ನು ಕೊಳ್ಳುವರು. ಅದರ ಒಂದು ಪಕ್ಕದಲ್ಲಿ ಅಂಚೆಯ ಸಂಸ್ಥೆಯ ಕೆಲಸವನ್ನು ಒಪ್ಪಂದದ ಮೇಲೆ ನಡೆಸುವರು. ಒಂದು ಕಡೆ ರೊಟ್ಟಿ, ಹಾಲು, ವೃತ್ತಪತ್ರಿಕೆ. ಇನ್ನೊಂದು ಕಡೆ ಅಂಚೆಚೀಟಿ, ಪಿಂಚಣಿ, ಉಳಿತಾಯದ ಖಾತೆ. ಹಳ್ಳಿಯ ವೃದ್ಧರಿಗೆ ಪಿಂಚಣಿಯ ದಿವಸ ಅದೇ ಹರಟೆಯ ಜಗುಲಿ. ಅಲ್ಲಿ ಕುಳಿತವರನ್ನು ಸಬ್ ಪೋಸ್ಟ್‌ಮಾಸ್ಟರ್ ಎನ್ನುವರು. ನಾವು ಅಂಚೆಯ ಮಾಸ್ತರರೆಂದೇ ಕರೆಯೋಣ. ಇವರು ಸಂಬಳದ ನೌಕರರಾಗಿರದೆ ಒಪ್ಪಂದದವರಾಗಿದ್ದರು. ತಮ್ಮ ಅಜಾಗ್ರತೆಯಿಂದಾಗಲಿ ತಪ್ಪಿನಿಂದಾಗಲಿ ಬಂದ ನಷ್ಟವನ್ನು ಅವರೇ ಕೈಯಿಂದ ತುಂಬಿಕೊಡಬೇಕೆಂದು ಆ ಒಪ್ಪಂದದಲ್ಲಿ ಬರೆದಿತ್ತು. ಹಿಂದೆ ಕಾಗದದ ಮೇಲೆ ಲೆಕ್ಕವಿದ್ದಾಗ ಇದರಿಂದ ವಿಶೇಷ ತೊಂದರೆಯಾಗುತ್ತಿರಲಿಲ್ಲ. ಖಿರ್ದಿಯನ್ನು ಹಿಂದಕ್ಕೆ ತಿರುವಿ, ಎಲ್ಲಿ ಕೂಡಿಸುವುದು ತಪ್ಪಿತು, ಎಲ್ಲಿ ಕಳೆಯುವುದು ತಪ್ಪಿತು ಎಂದು ಹುಡುಕಿದರೆ ತಪ್ಪು ಸಿಕ್ಕುತ್ತಿತ್ತು.

೧೯೯೯ರಿಂದ ಮೊದಲ್ಗೊಂಡು ಎಲ್ಲ ಅಂಚೆಗಳಿಗೂ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದಿತು. ಜಪಾನಿನ ಫುಜಿತ್ಸು ಕಂಪೆನಿಗೆ ಸೇರಿದ ಸಂಸ್ಥೆಯು ಅದನ್ನು ಕಟ್ಟಿಕೊಟ್ಟಿತ್ತು. ಇನ್ನು ಮೇಲೆ ಮಾಸ್ತರರು ವ್ಯವಹಾರವನ್ನು ಯಂತ್ರಕ್ಕೆ ತಿಳಿಸಿದರೆ ಸಾಕು. ಪೆಟ್ಟಿಗೆಯಲ್ಲಿ ಎಷ್ಟು ಶಿಲ್ಕು ಇರಬೇಕೆಂಬುದನ್ನು ಯಂತ್ರವೇ ಹೇಳುವುದು. ಯಂತ್ರ ಹೇಳಿದುದಕ್ಕಿಂತ ಪೆಟ್ಟಿಗೆಯಲ್ಲಿ ಕಡಮೆಯಿದ್ದರೆ ಆ ಕೊರತೆ ಮಾಸ್ತರರ ತಲೆಯ ಮೇಲೆ. ಯಂತ್ರವು ತನ್ನ ಒಳಗೆ ಹೇಗೆ ಲೆಕ್ಕ ಹಾಕಿತೆಂಬುದನ್ನು ತಿರುವಿ ನೋಡುವ ಉಪಾಯ ಮಾತ್ರ ಮಾಸ್ತರರಿಗೆ ಇರಲಿಲ್ಲ.

ಯಂತ್ರದ ತಪ್ಪು ಎಂತಹುದೆಂಬುದಕ್ಕೆ ಒಂದು ನಿದರ್ಶನ ಸಾಕು. ೨೦೧೫ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನಲ್ಲಿ, ಅಂಚೆಯಿಂದ ಅಂಚೆಗೆ ಕಳುಹಿಸಿದ ೮,೦೦೦ ಪೌಂಡುಗಳ ಚೀಲವನ್ನು ಜಮಾ ಮಾಡಿಕೊಳ್ಳುವಾಗ ತೆರೆ ಸ್ತಬ್ಧವಾಯಿತು. ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕಾಯಿತು. ಯಂತ್ರವು ಪ್ರತಿ ಸಲದ ಒತ್ತುವಿಕೆಯನ್ನೂ ಹೊಸ ಚೀಲವೆಂದೇ ತಿಳಿದು ೩೨,೦೦೦ ಪೌಂಡು ಜಮಾ ಬರೆದುಕೊಂಡಿತು. ಪೆಟ್ಟಿಗೆಯಲ್ಲಿದ್ದುದು ೮,೦೦೦, ಪುಸ್ತಕದಲ್ಲಿದ್ದುದು ೩೨,೦೦೦, ಎಂದ ಮೇಲೆ ೨೪,೦೦೦ ಪೌಂಡು ಎಲ್ಲಿ? ಹುಟ್ಟದೆ ಇದ್ದ ಹಣವನ್ನು ಯಾರು ತಾನೆ ಕದ್ದಾರು!

ಈಗ ಹ್ಯಾಂಪ್‌ಷೈರಿನ ಸೌತ್ ವಾರ್ನ್‌ಬರೋ ಎಂಬ ಹಳ್ಳಿಗೆ ಹೋಗೋಣ. ಅಲ್ಲಿ ಜೋ ಹ್ಯಾಮಿಲ್ಟನ್ ಎಂಬ ಮಹಿಳೆ ಅಂಗಡಿಯನ್ನೂ ಅಂಚೆಯನ್ನೂ ನಡೆಸುತ್ತಿದ್ದರು. ಒಂದು ದಿನ ಲೆಕ್ಕದಲ್ಲಿ ೨,೦೦೦ ಪೌಂಡುಗಳ ಕೊರತೆ ಕಾಣಿಸಿತು. ಸಂಸ್ಥೆಯವರು ಸಹಾಯಕ್ಕೆಂದು ಇಟ್ಟಿದ್ದ ಟೆಲಿಫೋನಿಗೆ ಕರೆಮಾಡಿ, ಅವರು ಹೇಳಿಕೊಟ್ಟಂತೆಯೇ ಗುಂಡಿಗಳನ್ನು ಒತ್ತಿದರು. ಕಣ್ಣೆದುರಿನಲ್ಲಿಯೇ ಆ ೨,೦೦೦ವು ೪,೦೦೦ವಾಯಿತು. ಹಣವನ್ನು ಆಕೆಯೇ ತುಂಬಬೇಕೆಂದು ಅಪ್ಪಣೆಯಾಯಿತು. ಕೊರತೆ ಮತ್ತೆ ಮತ್ತೆ ಬಂದು ಕಡೆಗೆ ೩೬,೦೦೦ ಪೌಂಡುಗಳಿಗೆ ಏರಿತು.

ಇಲ್ಲಿಯೇ ಉರುಳು ಬಿಗಿದುದು. ನಿಯಮಿತ ದಿವಸ ಲೆಕ್ಕವನ್ನು ಮುಗಿಸಿ, ಇದು ಸರಿಯಾಗಿದೆಯೆಂದು ಒಪ್ಪದೆ ಇದ್ದರೆ ಮರುದಿನ ಅಂಚೆಯ ವ್ಯವಹಾರ ಮುಂದುವರಿಯದು. ಬೆಳಗಾದರೆ ಪಿಂಚಣಿಗೆಂದು ವೃದ್ಧರು ಬಾಗಿಲಲ್ಲಿ ನಿಲ್ಲುವರು. ಕೈಯಲ್ಲಿ ಹಣವಿದ್ದವರು ಮನೆಯಿಂದ ತಂದು ತುಂಬಿದರು; ಇಲ್ಲದವರು ನೆಂಟರಿಷ್ಟರಲ್ಲಿ ಸಾಲ ಮಾಡಿದರು; ಅದೂ ಮುಗಿದ ಮೇಲೆ, ಪೆಟ್ಟಿಗೆಯಲ್ಲಿಲ್ಲದ ಶಿಲ್ಕನ್ನು ಇದೆಯೆಂದು ಒಪ್ಪಿ, ಮುಂದಿನ ತಿಂಗಳು ಸರಿಹೋದೀತೆಂಬ ಆಸೆಯಿಂದ ಮುಂದೆ ಸಾಗಿಸಿದರು. ಕಳ್ಳತನವು ನಡೆಯದಿದ್ದರೂ ಸುಳ್ಳು ಲೆಕ್ಕವೆಂಬ ಅಪರಾಧವು ಆ ಕ್ಷಣದಲ್ಲಿ ಹುಟ್ಟಿತು.

ವಾಚಕರು ಇದನ್ನು ಮೂರ್ಖತನವೆಂದು ಜರೆಯಬಾರದು. ನಾವು ಪಾಠಶಾಲೆಯಲ್ಲಿದ್ದಾಗ ಒಂದು ವರ್ಷ ಪರೀಕ್ಷೆಯ ಶುಲ್ಕವನ್ನು ವಸೂಲುಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಹಣ ಕಟ್ಟುವ ದಿವಸ ಎಣಿಸಿ ನೋಡಿದರೆ ೧೨೦ ರೂಪಾಯಿ ಕಡಮೆ. ಮೂರು ಸಲ ಎಣಿಸಿದೆವು. ಪಟ್ಟಿಯನ್ನು ಮೂರು ಸಲ ಕೂಡಿದೆವು. ಕಡೆಗೆ ಯಾರಿಗೂ ಹೇಳದೆ ಮನೆಗೆ ಹೋಗಿ, ಸಂಸಾರದ ಖರ್ಚಿಗಿದ್ದ ಹಣವನ್ನು ತಂದು ಸೇರಿಸಿ, ಲೆಕ್ಕ ಸರಿಯಾಗಿದೆಯೆಂದು ರುಜು ಹಾಕಿದೆವು. ಆ ಹಣ ಎಲ್ಲಿ ಹೋಯಿತೆಂಬುದು ಇಂದಿಗೂ ತಿಳಿಯದು. ಅಂದು ನಮ್ಮ ಪ್ರಾಮಾಣಿಕತೆಗೆ ನಾವೇ ಮೆಚ್ಚಿಕೊಂಡಿದ್ದೆವು. ಆ ಬಡ ಮಹಿಳೆಯ ಕಥೆಯನ್ನು ತಿಳಿದ ಮೇಲೆ, ಆ ದಿನ ನಾವು ಹಾಕಿದ ರುಜುವೂ ಅಂತಹುದೇ ಎಂಬ ಅರಿವಾಗಿ ಮೈ ಜುಮ್ಮೆಂದಿತು. ಮಾನವಂತರಿಗೆ ಹಣ ಹೋದುದಕ್ಕಿಂತ, ಹಣ ಹೋಯಿತೆಂದು ನಾಲ್ಕು ಮಂದಿಗೆ ಹೇಳುವುದು ಹೆಚ್ಚು ಕಷ್ಟ.

ಅಂಚೆಯ ಸಂಸ್ಥೆಯಲ್ಲಿ ಈ ಸಂಕೋಚವನ್ನು ಇಮ್ಮಡಿಸುವ ಮಾತೊಂದಿತ್ತು. ಯಂತ್ರದ ಮೇಲೆ ದೂರು ಹೇಳಿದವರಿಗೆ, "ಇಂತಹ ತೊಂದರೆ ನಿಮ್ಮೊಬ್ಬರಿಗೇ ಬಂದಿದೆ, ಮತ್ತಾರಿಗೂ ಇಲ್ಲ" ಎಂಬ ಅರ್ಥದ ಉತ್ತರ ಬರುತ್ತಿತ್ತು. ಸಾವಿರಾರು ಅಂಚೆಗಳಲ್ಲಿ ಸರಿಯಾಗಿ ನಡೆಯುವ ಯಂತ್ರ ತನ್ನಲ್ಲಿ ಮಾತ್ರ ತಪ್ಪುವುದೆಂದರೆ ತಪ್ಪು ತನ್ನದೇ ಇರಬೇಕೆಂದು ಆ ಮಾಸ್ತರರು ತಮ್ಮನ್ನೇ ಸಂಶಯಿಸತೊಡಗಿದರು. ಕೆಲವರು ತಮ್ಮ ಗುಮಾಸ್ತರನ್ನೂ, ಕೆಲವರು ಮನೆಯವರನ್ನೂ ಸಂಶಯಿಸಿದರು. ಅದೇ ಉತ್ತರ ಊರೂರಿನಲ್ಲಿಯೂ ಹೋಗುತ್ತಿದೆಯೆಂಬುದು ಅವರಿಗೆ ತಿಳಿಯುವ ದಾರಿಯಿರಲಿಲ್ಲ.

ತನಿಖೆಯ ಕ್ರಮ ಹೀಗಿತ್ತು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಲೆಕ್ಕಪರಿಶೋಧಕರು ಬರುವರು, ಪೆಟ್ಟಿಗೆಯನ್ನು ಎಣಿಸುವರು, ಕೊರತೆಯಿದ್ದರೆ ಬೀಗದ ಕೈಯನ್ನು ತೆಗೆದುಕೊಂಡು ಮಾಸ್ತರರನ್ನು ಕೆಲಸದಿಂದ ತಡೆಹಿಡಿಯುವರು. ಅನಂತರ ಸಂಸ್ಥೆಯ ತನಿಖೆದಾರರು, ಹೇಳಿದ ಮಾತು ಸಾಕ್ಷ್ಯವಾಗಬಹುದೆಂದು ಎಚ್ಚರಿಸಿ ವಿಚಾರಣೆ ಮಾಡುವರು. ಮನೆ ಶೋಧಿಸುವುದೂ ಉಂಟು. ಸ್ಕಾಟ್ಲೆಂಡಿನಲ್ಲಿಯೂ ಉತ್ತರ ಐರ್ಲೆಂಡಿನಲ್ಲಿಯೂ ಮೊಕದ್ದಮೆ ಹೂಡುವುದು ಸರಕಾರದ ಅಭಿಯೋಜಕರ ಕೈಯಲ್ಲಿದ್ದಿತು. ಇಂಗ್ಲೆಂಡು ವೇಲ್ಸುಗಳಲ್ಲಿಯಾದರೋ ಅಂಚೆಯ ಸಂಸ್ಥೆಯು ಪೋಲೀಸರನ್ನೂ ಸರಕಾರಿ ವಕೀಲರನ್ನೂ ಕಾಯದೆ ತಾನೇ ಮೊಕದ್ದಮೆ ಹೂಡಬಹುದಾಗಿತ್ತು. ಸುಮಾರು ೭೦೦ ಮಂದಿಯ ಮೇಲೆ ಹಾಗೆ ಹೂಡಿತು. ಹಣ ಹೋಯಿತೆನ್ನುವವನೂ ಅವನೇ, ತನಿಖೆ ಮಾಡುವವನೂ ಅವನೇ, ಶಿಕ್ಷೆ ಬೇಡುವವನೂ ಅವನೇ ಆದರೆ, ಯಂತ್ರ ತಪ್ಪಿತೋ ಎಂಬ ಪ್ರಶ್ನೆಯನ್ನು ಕೇಳುವವರು ಯಾರು?

ಜೋ ಹ್ಯಾಮಿಲ್ಟನ್ನರ ಮೇಲೆ ಮೊದಲು ಹೊರಿಸಿದುದು ಕಳ್ಳತನದ ಆರೋಪ. ಕಳ್ಳತನವನ್ನು ಕೈಬಿಡಬೇಕಾದರೆ ಸುಳ್ಳು ಲೆಕ್ಕದ ೧೪ ಆರೋಪಗಳನ್ನು ಒಪ್ಪಿಕೊಂಡು ಹಣ ಕಟ್ಟಬೇಕೆಂದಾಯಿತು. ಸೆರೆಮನೆಗೆ ಹೆದರಿ ಆಕೆ ಒಪ್ಪಿಕೊಂಡರು. ಮನೆಯ ಮೇಲೆ ಸಾಲ ತೆಗೆದರು. ೨೦೦೮ರ ಫೆಬ್ರವರಿಯಲ್ಲಿ ತೀರ್ಪಿನ ದಿವಸ ಹಳ್ಳಿಯ ಜನರು ಗುಂಪಾಗಿ ವಿಂಚೆಸ್ಟರಿನ ಕೋರ್ಟಿಗೆ ಬಂದು ಆಕೆಯ ಹಿಂದೆ ಕುಳಿತರು. ಹಣ ತುಂಬುವುದಕ್ಕೆ ಅವರೇ ಚಂದಾ ಎತ್ತಿದ್ದರು. ಆಕೆ ಸೆರೆಮನೆಗೆ ಹೋಗಲಿಲ್ಲ.

ವೇಲ್ಸಿನ ಆಂಗಲ್‌ಸೀ ದ್ವೀಪದಲ್ಲಿ ನೋಯೆಲ್ ತಾಮಸ್ ಎಂಬವರು ಇದ್ದರು. ಊರಿನವರು ಚುನಾಯಿಸಿದ ಕೌನ್ಸಿಲರು. ಅವರ ಲೆಕ್ಕದಲ್ಲಿ ಯಂತ್ರ ತೋರಿಸಿದ ಕೊರತೆ ಸುಮಾರು ೪೮,೦೦೦ ಪೌಂಡು. ಅವರೂ ಸುಳ್ಳು ಲೆಕ್ಕವನ್ನು ಒಪ್ಪಿಕೊಂಡರು. ಆದರೂ ೨೦೦೬ರಲ್ಲಿ ಒಂಬತ್ತು ತಿಂಗಳ ಸೆರೆಯಾಯಿತು. ಅವರ ೬೦ನೆಯ ಹುಟ್ಟುಹಬ್ಬ ಸೆರೆಮನೆಯಲ್ಲಿ ಕಳೆಯಿತು. ನಮ್ಮಲ್ಲಾದರೆ ಷಷ್ಟ್ಯಬ್ದಿಯ ಶಾಂತಿ ನಡೆಯುವ ವಯಸ್ಸು.

ಸರ್ರೆ ಪ್ರಾಂತದ ವೆಸ್ಟ್ ಬೈಫ್ಲೀಟಿನ ಸೀಮಾ ಮಿಶ್ರಾ ಭಾರತ ಮೂಲದವರು. ೨೦೦೫ರಲ್ಲಿ ಪತಿಯೊಡನೆ ಅಲ್ಲಿಯ ಅಂಚೆಯನ್ನು ಕೊಂಡರು. ಕೊರತೆಯನ್ನು ತುಂಬಿ ತುಂಬಿ ಸೋತರು. ೨೦೦೮ರಲ್ಲಿ ಪರಿಶೋಧಕರು ೭೪,೦೦೦ ಪೌಂಡುಗಳಿಗೂ ಮಿಕ್ಕ ಕೊರತೆ ಕಂಡರು. ಲೆಕ್ಕವನ್ನು ಮುಚ್ಚಿಟ್ಟುದು ನಿಜವೆಂದು ಆಕೆ ಒಪ್ಪಿದರು, ಕದ್ದೆನೆಂದು ಒಪ್ಪಲಿಲ್ಲ. ಆದರೂ ಜ್ಯೂರಿಯವರು ಕಳ್ಳತನವೆಂದೇ ತೀರ್ಮಾನಿಸಿದರು. ೨೦೧೦ರ ನವೆಂಬರ್ ೧೧ರಂದು, ಹಿರಿಯ ಮಗನ ಹತ್ತನೆಯ ಹುಟ್ಟುಹಬ್ಬದ ದಿನ, ಹದಿನೈದು ತಿಂಗಳ ಸೆರೆಯ ಶಿಕ್ಷೆಯಾಯಿತು. ಆಗ ಆಕೆ ಎರಡನೆಯ ಮಗುವಿನ ಗರ್ಭಿಣಿ. ಬಿಡುಗಡೆಯಾದ ಮೇಲೂ ಕಾಲಿಗೆ ಕಟ್ಟಿದ ಕಾವಲಿನ ಪಟ್ಟಿಯೊಡನೆಯೇ ಹೆತ್ತರು.

ಯಾರ್ಕ್‌ಷೈರಿನ ಬ್ರಿಡ್ಲಿಂಗ್ಟನ್ನಿನ ಲೀ ಕಾಸಲ್‌ಟನ್ ಸಹಾಯದ ಟೆಲಿಫೋನಿಗೆ ೯೧ ಸಲ ಕರೆಮಾಡಿದ್ದರು. ಸುಮಾರು ೨೫,೦೦೦ ಪೌಂಡುಗಳ ಕೊರತೆಗೆ ಸಂಸ್ಥೆಯು ಅವರ ಮೇಲೆ ದಿವಾಣಿ ದಾವೆ ಹೂಡಿತು. ೨೦೦೭ರಲ್ಲಿ ಸೋತ ಅವರ ಮೇಲೆ ೩,೨೧,೦೦೦ ಪೌಂಡುಗಳ ಖರ್ಚು ಬಿದ್ದು ದಿವಾಳಿಯಾದರು.

ಇಷ್ಟೊಂದು ನ್ಯಾಯಾಧೀಶರು, ವಕೀಲರು ಇದ್ದು ಇದು ಹೇಗಾಯಿತು? ಕಾರಣವು ಕಾಯಿದೆಯಲ್ಲಿಯೂ ಇದೆ. ೧೯೮೪ರ ಇಂಗ್ಲೆಂಡಿನ ಶಾಸನವೊಂದರ ಪ್ರಕಾರ, ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಆ ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕಾಗಿತ್ತು. ಇದು ಅನಾವಶ್ಯಕ ತೊಡಕೆಂದು ೧೯೯೯ರ ಶಾಸನದಿಂದ ಆ ವಿಧಿಯನ್ನು ತೆಗೆದುಹಾಕಿದರು; ೨೦೦೦ದಲ್ಲಿ ಅದು ಜಾರಿಗೆ ಬಂದಿತು. ಅಂದಿನಿಂದ ಯಂತ್ರವು ಸರಿಯಾಗಿದೆಯೆಂದೇ ಮೊದಲಿಗೆ ಭಾವಿಸಬೇಕು, ಇಲ್ಲವೆನ್ನುವವನು ತೋರಿಸಬೇಕು. ತೋರಿಸಬೇಕಾದ ಕಾಗದಪತ್ರಗಳೋ ಸಂಸ್ಥೆಯವರ ಮತ್ತು ಕಂಪೆನಿಯವರ ಹತ್ತಿರ! ಅಂಚೆಗಳಿಗೆ ಹೊರೈಜನ್ ಹೋಗುತ್ತಿದ್ದ ಕಾಲದಲ್ಲಿಯೇ ಈ ಮಾರ್ಪಾಡು ಆದುದು ಆ ಮಾಸ್ತರರ ದುರ್ದೈವ.

ನಮ್ಮ ತರ್ಕಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿಯ ದೋಷವು ಒಡನೆಯೇ ಕಾಣುವುದು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬಹುದು. ಆದರೆ ಕಂಡುದು ಹೊಗೆಯೋ ಹಿಮದ ಮಬ್ಬೋ ಎಂಬ ಸಂದೇಹ ತೀರದೆ ಬೆಂಕಿಯನ್ನು ಊಹಿಸುವುದು ಹೇತುವಲ್ಲ, ಹೇತ್ವಾಭಾಸ. ಶಿಲ್ಕು ನಿಜವಾಗಿಯೂ ಕಡಮೆಯಾಗಿದೆಯೇ ಎಂಬುದು ಮೊದಲನೆಯ ಪ್ರಶ್ನೆ. ಕದ್ದವರು ಯಾರೆಂಬುದು ಎರಡನೆಯದು. ಬ್ರಿಟನ್ನಿನಲ್ಲಿ ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರಿದರು. ತಪ್ಪೊಪ್ಪಿಗೆಯ ವಿಷಯದಲ್ಲಿ ಕೌಟಿಲ್ಯನು ಇನ್ನೂ ಹೆಚ್ಚು ಎಚ್ಚರದವನು. ರಾಜನ ಹಣವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ ಆ ಕಠಿನ ಮನುಷ್ಯನೇ, ಅರ್ಥಶಾಸ್ತ್ರದ ಇನ್ನೊಂದು ಕಡೆ ಮಾಂಡವ್ಯನನ್ನು ನೆನೆದು, ಹಿಂಸೆಗೆ ಹೆದರಿ ಕಳ್ಳನಲ್ಲದವನೂ ತಾನು ಕಳ್ಳನೆಂದು ಹೇಳಬಹುದಾದುದರಿಂದ, ಪ್ರಮಾಣವು ಪೂರ್ಣವಾದ ಮೇಲೆಯೇ ದಂಡಿಸಬೇಕೆಂದು ವಿಧಿಸಿದ್ದಾನೆ.

ಇನ್ನು ಈ ಕತ್ತಲೆಯು ಹರಿದ ಬಗೆಯನ್ನು ಹೇಳಬೇಕು. ವೇಲ್ಸಿನ ಲ್ಯಾಂಡಡ್ನೊ ಪಟ್ಟಣದಲ್ಲಿ ಆಲನ್ ಬೇಟ್ಸ್ ಎಂಬವರು ೧೯೯೮ರಿಂದ ಅಂಚೆ ನಡೆಸುತ್ತಿದ್ದರು. ಯಂತ್ರ ಬಂದ ಕೆಲವೇ ವಾರಗಳಲ್ಲಿ ಸುಮಾರು ೬,೦೦೦ ಪೌಂಡುಗಳ ಕೊರತೆ ಕಾಣಿಸಿತು. ಅವರು ಕಾಗದಗಳನ್ನು ಜೋಡಿಸಿಕೊಂಡು ಕುಳಿತು ಅದರ ಬಹುಭಾಗಕ್ಕೆ ಕಾರಣ ಕಂಡುಹಿಡಿದರು. ತನಗೆ ವಿವರ ತೋರಿಸದ ಲೆಕ್ಕದ ನಷ್ಟವನ್ನು ತಾನು ತುಂಬುವುದಿಲ್ಲವೆಂದು ಪತ್ರದ ಮೇಲೆ ಪತ್ರ ಬರೆದರು. ೨೦೦೩ರಲ್ಲಿ ಸಂಸ್ಥೆಯು ಅವರ ಒಪ್ಪಂದವನ್ನು ರದ್ದುಮಾಡಿತು. ಅಂಗಡಿಗೆ ಹಾಕಿದ ಹಣವೆಲ್ಲ ಹೋಯಿತು. ಆದರೆ ಸುಳ್ಳಿಗೆ ರುಜು ಹಾಕದೆ ಇದ್ದುದರಿಂದ ಅವರ ಮೇಲೆ ಮೊಕದ್ದಮೆಯಾಗಲಿಲ್ಲ.

೨೦೦೯ರ ಮೇ ತಿಂಗಳಲ್ಲಿ ಕಂಪ್ಯೂಟರ್ ವೀಕ್ಲಿ ಎಂಬ ಪತ್ರಿಕೆಯು ಇಂತಹ ಏಳು ಮಂದಿಯ ಕಥೆಯನ್ನು ಪ್ರಕಟಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬೇಟ್ಸರು ಫೆನ್ನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ನೊಂದವರನ್ನು ಕೂಡಿಸಿದರು. ದೇಶದ ಮೂಲೆಮೂಲೆಯಿಂದ ಬಂದವರು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಿಕೊಂಡರು; ಎಲ್ಲರದೂ ಒಂದೇ ಕಥೆ. "ನಿಮ್ಮೊಬ್ಬರಿಗೇ" ಎಂಬ ಮಾತಿನ ಬಲವು ಅಲ್ಲಿಗೆ ಮುರಿಯಿತು. ತರುವಾಯ ೫೫೫ ಮಂದಿ ಒಟ್ಟುಗೂಡಿ ದಾವೆ ಹೂಡಿದರು. ೨೦೧೯ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್, ಯಂತ್ರದಲ್ಲಿ ದೋಷಗಳಿದ್ದುವೆಂದೂ ಅವುಗಳಿಂದ ಇಲ್ಲದ ಕೊರತೆಗಳು ತೋರುತ್ತಿದ್ದುವೆಂದೂ ತೀರ್ಪಿತ್ತರು. ಮಾಸ್ತರರಿಗೆ ತಿಳಿಯದಂತೆ ದೂರದಿಂದಲೇ ಅವರ ಲೆಕ್ಕವನ್ನು ಕಂಪೆನಿಯವರು ತಿದ್ದಬಹುದಾಗಿತ್ತೆಂಬುದೂ ಸಿದ್ಧವಾಯಿತು. ಸಂಸ್ಥೆಯು ವರ್ಷಗಟ್ಟಲೆ ಇದನ್ನು ಅಲ್ಲಗಳೆದಿತ್ತು. ಯಂತ್ರದ ಪರವಾದ ಸಂಸ್ಥೆಯ ಹಟವನ್ನು ನ್ಯಾಯಮೂರ್ತಿಗಳು ಭೂಮಿಯು ಚಪ್ಪಟೆಯೆನ್ನುವವರ ಹಟಕ್ಕೆ ಹೋಲಿಸಿದರು. ರಾಜಿಯಲ್ಲಿ ಬಂದ ೫.೭೭ ಕೋಟಿ ಪೌಂಡುಗಳಲ್ಲಿ ವ್ಯಾಜ್ಯದ ಖರ್ಚು ಕಳೆದು ನೊಂದವರಿಗ ಉಳಿದುದು ಸುಮಾರು ೧.೨ ಕೋಟಿ, ತಲೆಗೆ ಇಪ್ಪತ್ತು ಸಾವಿರದಷ್ಟು.

೨೦೨೧ರ ಏಪ್ರಿಲ್ ೨೩ರಂದು ಅಪೀಲು ನ್ಯಾಯಾಲಯವು ೩೯ ಮಂದಿಯ ಶಿಕ್ಷೆಗಳನ್ನು ರದ್ದುಪಡಿಸಿತು. ಜೋ ಹ್ಯಾಮಿಲ್ಟನ್, ನೋಯೆಲ್ ತಾಮಸ್, ಸೀಮಾ ಮಿಶ್ರಾ ಮೂವರೂ ಅವರಲ್ಲಿದ್ದರು. ಆದರೂ ಉಳಿದ ನೂರಾರು ಮಂದಿಯ ಕೆಲಸ ಕುಂಟುತ್ತಲೇ ಇತ್ತು. ೨೦೨೪ರ ಜನವರಿಯ ಮೊದಲ ನಾಲ್ಕು ರಾತ್ರಿ ಬೇಟ್ಸರ ಹೋರಾಟವನ್ನು ಟೆಲಿವಿಷನ್ನಿನಲ್ಲಿ ನಾಟಕವಾಗಿ ತೋರಿಸಿದರು. ತೀರ್ಪುಗಳಿಂದ ಆಗದ ಕೆಲಸ ನಾಟಕದಿಂದ ಆಯಿತು; ದೇಶವೆಲ್ಲ ಕಣ್ಣೀರಿಟ್ಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಪಾರ್ಲಿಮೆಂಟು ಶಾಸನವನ್ನೇ ಮಾಡಿ ಇಂತಹ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡಿತು. ಸ್ಕಾಟ್ಲೆಂಡು ತನ್ನದೇ ಶಾಸನ ಮಾಡಿಕೊಂಡಿತು. ಬೇಟ್ಸರಿಗೆ ಸರ್ ಪದವಿ ಬಂದಿತು. ಸರ್ ವಿನ್ ವಿಲಿಯಮ್ಸರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು ೨೦೨೫ರ ಜುಲೈಯಲ್ಲಿ ವರದಿಯ ಮೊದಲ ಸಂಪುಟವನ್ನು ಪ್ರಕಟಿಸಿ, ಈ ಸಂಕಟದಿಂದ ೧೩ ಮಂದಿಯಾದರೂ ಪ್ರಾಣ ತೆಗೆದುಕೊಂಡಿರಬಹುದೆಂದು ಹೇಳಿತು. ಇವರಿಗೆ ಯಾವ ಶಾಸನ ಏನು ಮಾಡೀತು?

ದೂರದೇಶದ ಈ ಕಥೆಯಿಂದ ನಮ್ಮ ಮನೆಯವರು ಕಲಿಯಬೇಕಾದುದೇನು? ಮೊದಲನೆಯದು, ಕೊರತೆ ಕಂಡ ದಿನವೇ ಅದನ್ನು ಬರೆಹದಲ್ಲಿ ಮೇಲಿನವರಿಗೆ ತಿಳಿಸಿ, ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು. ಎರಡನೆಯದು, ಕಾರಣ ತಿಳಿಯದೆ ಮನೆಯ ಹಣ ತುಂಬಿ ಮುಚ್ಚದಿರುವುದು. ತುಂಬಲೇಬೇಕಾದರೆ ಆಕ್ಷೇಪಣೆಯನ್ನು ಬರೆದಿಟ್ಟು ತುಂಬುವುದು. ಮೂರನೆಯದು, ಸರಿಯೆಂದು ತನಗೆ ತೋರದ ಲೆಕ್ಕಕ್ಕೆ ಯಾರ ಒತ್ತಾಯಕ್ಕೂ ರುಜು ಹಾಕದಿರುವುದು. ನಾಲ್ಕನೆಯದು, ಇದೇ ತೊಂದರೆ ಪಡುವವರು ಬೇರೆ ಯಾರಿದ್ದಾರೆಂದು ವಿಚಾರಿಸುವುದು.

ನಮ್ಮ ದೇಶದ ಕಾಯಿದೆಯಲ್ಲಿರುವ ರಕ್ಷಣೆಗಳನ್ನೂ ಗೃಹಸ್ಥನು ತಿಳಿದಿರಬೇಕು. ತನ್ನ ವಶಕ್ಕೆ ಒಪ್ಪಿಸಿದ ಹಣವನ್ನು ತಿಂದನೆಂಬ ಆರೋಪಕ್ಕೆ ನಂಬಿಕೆದ್ರೋಹವೆಂದು ಹೆಸರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೩೧೬ನೆಯ ಪ್ರಕರಣ. ಗುಮಾಸ್ತನ ವಿಷಯದಲ್ಲಿ ಏಳು ವರ್ಷಗಳ ವರೆಗೂ, ಸರಕಾರಿ ನೌಕರನ ವಿಷಯದಲ್ಲಿ ಅದಕ್ಕಿಂತ ಹೆಚ್ಚಾಗಿಯೂ ಸೆರೆಯಾಗಬಹುದು. ಏಳು ವರ್ಷಗಳ ವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಅವಶ್ಯವೆಂಬುದಕ್ಕೆ ಪೋಲೀಸರು ಕಾರಣವನ್ನು ಬರೆದಿಡಬೇಕು. ಅವಶ್ಯವಿಲ್ಲವಾದರೆ ಹಾಜರಾಗಲು ನೋಟೀಸು ಕೊಡಬೇಕು. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಒತ್ತಿ ಹೇಳಿದೆ. ನೋಟೀಸು ಬಂದರೆ ಅಡಗಿಕೊಳ್ಳಬಾರದು. ವಕೀಲರನ್ನು ಕಂಡು ಹಾಜರಾಗಬೇಕು. ದಸ್ತಗಿರಿಯಾದರೆ ಕಾರಣವನ್ನು ತಿಳಿಸಬೇಕು, ಮನೆಯವರಿಗೆ ಸುದ್ದಿ ಕೊಡಬೇಕು, ಪ್ರಯಾಣದ ಕಾಲವನ್ನು ಬಿಟ್ಟು ೨೪ ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರನ್ನು ಇಡುವ ಶಕ್ತಿಯಿಲ್ಲದೆ ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ಸಹಾಯ ದೊರೆಯುವುದು. ತನ್ನ ಮೇಲೆ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಕೂಡದೆಂದು ಸಂವಿಧಾನವೇ ಹೇಳುತ್ತದೆ. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆದರೆ ಕಛೇರಿಯ ಕೋಣೆಯಲ್ಲಿ, ಮೇಲಧಿಕಾರಿಗೆ ಬರೆದುಕೊಟ್ಟ ಕಾಗದಕ್ಕೆ ಆ ರಕ್ಷಣೆ ಹಾಗೆಯೇ ಒದಗದು. "ಒಂದು ಸಾಲು ಬರೆದುಕೊಡಿ, ಇಲ್ಲಿಗೇ ಮುಗಿಸೋಣ" ಎಂಬ ಮಾತಿಗೆ ಮರುಳಾಗದಿರುವುದೇ ಲೇಸು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಪ್ರಮಾಣಪತ್ರವಿರಬೇಕೆಂಬ ವಿಧಿ ನಮ್ಮಲ್ಲಿ ಉಂಟು. ವಕೀಲರಿಗೆ ಅದನ್ನು ನೆನಪಿಸಬೇಕು.

ಮಾಂಡವ್ಯನ ಕಥೆಗೆ ಇನ್ನೂ ಒಂದು ಭಾಗವಿದೆ. ತಾನು ಮಾಡಿದ ಯಾವ ತಪ್ಪಿಗೆ ಈ ಶೂಲವೆಂದು ಅವನು ಧರ್ಮದೇವತೆಯನ್ನೇ ಹೋಗಿ ಕೇಳಿದನು. ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದುದಕ್ಕೆಂದು ಉತ್ತರ ಬಂದಿತು. ಅಲ್ಪ ತಪ್ಪಿಗೆ ಮಹಾದಂಡವನ್ನು ವಿಧಿಸಿದ ನೀನು ಮನುಷ್ಯನಾಗಿ ಹುಟ್ಟೆಂದು ಋಷಿಯು ಶಪಿಸಿದನು. ಧರ್ಮನು ವಿದುರನಾಗಿ ಹುಟ್ಟಬೇಕಾಯಿತು. ದಂಡಿಸುವವನೂ ಉತ್ತರ ಹೇಳಬೇಕೆಂಬುದು ನಮ್ಮ ಹಿರಿಯರ ಮತ. ಬ್ರಿಟನ್ನಿನ ವಿಚಾರಣಾ ಮಂಡಲಿಯ ಮುಂದೆ ಸಂಸ್ಥೆಯ ಮುಖ್ಯಸ್ಥರೂ ವಕೀಲರೂ ತನಿಖೆದಾರರೂ ಸಾಕ್ಷಿಯ ಪೀಠದಲ್ಲಿ ಕುಳಿತು ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಆದರೆ ಶೂಲದ ಮೊನೆ ಒಳಗೆ ಉಳಿಯಿತು. ೨೦೨೩ರಲ್ಲಿ ಸರಕಾರವು, ಶಿಕ್ಷೆ ರದ್ದಾದವರು ಬಯಸಿದರೆ ತಲೆಗೆ ೬ ಲಕ್ಷ ಪೌಂಡು ಪರಿಹಾರ ಕೊಡುವುದಾಗಿ ಸಾರಿತು. ಮಗನ ಹತ್ತನೆಯ ಹುಟ್ಟುಹಬ್ಬದ ದಿನವನ್ನು ಆ ಹಣದಿಂದ ಹಿಂದಕ್ಕೆ ಕೊಳ್ಳಲಾದೀತೆ?

ಯಂತ್ರವನ್ನು ಪರೀಕ್ಷಿಸುವುದೂ ಕಾಯಿದೆಯನ್ನು ತಿದ್ದುವುದೂ ದೊಡ್ಡವರ ಕೆಲಸ. ನಮ್ಮಂತಹ ಗೃಹಸ್ಥರ ಕೈಯಲ್ಲಿರುವ ಕೆಲಸವೊಂದುಂಟು. ನೆರೆಮನೆಯ ಬಾಗಿಲಿಗೆ ಪೋಲೀಸರು ಬಂದುಹೋದ ಮರುದಿನ, ಆ ಮನೆಯ ಹೆಂಗಸು ನೀರಿಗೋ ಅಂಗಡಿಗೋ ಹೊರಟಾಗ, ಬೀದಿಯವರು ಮುಖ ತಿರುಗಿಸುವರೋ ಮಾತನಾಡಿಸುವರೋ ಎಂಬುದರ ಮೇಲೆ ಎಷ್ಟೋ ಪ್ರಾಣಗಳು ನಿಂತಿರುತ್ತವೆ. ಸೌತ್ ವಾರ್ನ್‌ಬರೋವಿನ ಜನರಿಗೆ ಕಂಪ್ಯೂಟರಿನ ಶಾಸ್ತ್ರ ತಿಳಿದಿರಲಿಲ್ಲ. ತಮ್ಮ ಊರಿನ ಹೆಣ್ಣುಮಗಳನ್ನು ತಿಳಿದಿತ್ತು. ಅವರು ಕೋರ್ಟಿಗೆ ಹೋಗಿ ಆಕೆಯ ಹಿಂದೆ ಕುಳಿತರು.